ಡಿಗ್ರಿ ಮುಗಿಸಿಕೊಂಡೇ ಹೋಗಬಾರದಾ?

ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಡುಗರು ಒಂದೇ ವರ್ಷ ಓದಿ, ಕಾಲೇಜು ಬಿಟ್ಟು ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೋಗುತ್ತಾರಲ್ಲ, ಯಾಕಿಷ್ಟು ಅವಸರ? ಇನ್ನು ಮೂರು ವರ್ಷ ಕಾದು, ಡಿಗ್ರಿ ಮುಗಿಸಿಕೊಂಡೇ ಹೋದರೆ ಏನು ನಷ್ಟ?

ಉತ್ತರ: ಪ್ರತಿ ವರ್ಷ ಜೂನ್ ಬಂದರೆ ಈ ಪ್ರಶ್ನೆಯೂ ಬರುತ್ತದೆ. "ಮೊದಲು ಒಂದು ಡಿಗ್ರಿ ಆಗಲಿ, ಆಮೇಲೆ ಏನು ಬೇಕಾದರೂ ಮಾಡು" ಅನ್ನುವ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ನಮ್ಮ ಕಣ್ಣ ಮುಂದೆ ಅನಿಲ್ ಕುಂಬ್ಳೆ ಇದ್ದಾರೆ. 1990ರಲ್ಲೇ ಭಾರತ ತಂಡಕ್ಕೆ ಆಡಿದರು, ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲಿ ಎಂಜಿನಿಯರಿಂಗನ್ನೂ ಮುಗಿಸಿದರು. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೀಗೆ ಎರಡನ್ನೂ ಜೊತೆಜೊತೆಗೆ ನಡೆಸುವುದು ಕಷ್ಟ. ಎನ್‌ಬಿಎ ಕಾಂಟ್ರಾಕ್ಟ್‌ಗೆ ಸಹಿ ಹಾಕಿದರೆ ಕಾಲೇಜು ತಂಡದ ಬಾಗಿಲು ಮುಚ್ಚಿದ ಹಾಗೆ.

ಇನ್ನೊಂದು ಮಾತು. ಆ "ಒಂದು ವರ್ಷ" ಹುಡುಗರು ತಾವಾಗಿ ಆರಿಸಿಕೊಂಡದ್ದಲ್ಲ. ಕೆವಿನ್ ಗಾರ್ನೆಟ್ 1995ರಲ್ಲಿ, ಕೋಬಿ ಬ್ರಯಾಂಟ್ 1996ರಲ್ಲಿ, ಲೆಬ್ರಾನ್ ಜೇಮ್ಸ್ 2003ರಲ್ಲಿ ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ ಹೋದವರು. 2006ರಿಂದ ಅದು ನಿಂತಿತು. ಆಯ್ಕೆಯಾಗುವ ವರ್ಷ 19 ತುಂಬುವಂತಿರಬೇಕು, ಹೈಸ್ಕೂಲು ಮುಗಿಸಿ ಒಂದು ಸೀಸನ್ ಕಳೆದಿರಬೇಕು ಅನ್ನುವ ನಿಯಮ ಬಂತು. ಆ ಒಂದು ವರ್ಷ ಕಳೆಯಲು ಹೆಚ್ಚಿನವರು ಕಾಲೇಜಿಗೆ ಬರುತ್ತಾರೆ.

ಈಗ ಅವಸರದ ವಿಷಯ. ಹೊಸ ಹುಡುಗರನ್ನು ಆರಿಸುವ ಎನ್‌ಬಿಎ ಡ್ರಾಫ್ಟ್ ನಮ್ಮ ಐಪಿಎಲ್ ಹರಾಜಿನ ಹಾಗಲ್ಲ. ಯಾರೂ ಬೆಲೆ ಕೂಗುವುದಿಲ್ಲ. 30 ತಂಡಗಳು ಸರದಿ ಪ್ರಕಾರ ಒಬ್ಬೊಬ್ಬ ಹುಡುಗನನ್ನು ಕರೆಯುತ್ತವೆ, ಹೀಗೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಎಷ್ಟನೆಯವನಾಗಿ ಕರೆದರು ಅನ್ನುವುದರ ಮೇಲೆ ಸಂಬಳ. ಆ ಸುತ್ತಿನ ಕೊನೆಯವನಿಗೂ ವರ್ಷಕ್ಕೆ 20 ಲಕ್ಷ ಡಾಲರ್‌ಗಿಂತ ಜಾಸ್ತಿ ಸಿಗುತ್ತದೆ, ಮೊದಲ ಎರಡು ವರ್ಷದ ದುಡ್ಡು ಖಾತ್ರಿ. 31ನೆಯವನಿಗೆ ಆ ಖಾತ್ರಿ ಇಲ್ಲ. ಯಾರೂ ಕರೆಯದಿದ್ದರೆ ಜಿ ಲೀಗ್, ಅಂದರೆ ಎನ್‌ಬಿಎಯ ಕೆಳಗಿನ ಲೀಗ್. ಅಲ್ಲಿ ಒಂದು ಸೀಸನ್ನಿಗೆ 40 ಸಾವಿರ ಡಾಲರ್‌ಗಿಂತ ಸ್ವಲ್ಪ ಮೇಲೆ, ಅಷ್ಟೇ.

ಹಾಗಾಗಿ ಆ ಹುಡುಗನ ಮನೆಯಲ್ಲಿ ನಡೆಯುವ ಚರ್ಚೆ "ಓದೋ, ಆಟವೋ" ಅಂತಲ್ಲ. "ಮೊದಲ ಸುತ್ತಿನಲ್ಲಿ ಕರೀತಾರಾ?" ಅಂತ.

ವಯಸ್ಸಿನ ಲೆಕ್ಕವೂ ಇದೆ. ಮೊದಲ ಸುತ್ತಿನ ಕಾಂಟ್ರಾಕ್ಟ್ ನಾಲ್ಕು ವರ್ಷದವರೆಗೆ ಹೋಗುತ್ತದೆ. ದೊಡ್ಡ ದುಡ್ಡು ಬರುವುದು ಅದರ ನಂತರದ ಕಾಂಟ್ರಾಕ್ಟ್‌ನಲ್ಲಿ. 19ಕ್ಕೆ ಹೋದವನು 23ಕ್ಕೆ ಅಲ್ಲಿಗೆ ತಲುಪುತ್ತಾನೆ, 22ಕ್ಕೆ ಹೋದವನು 26ಕ್ಕೆ. ಆಟಗಾರನ ಆಯುಸ್ಸೇ ಚಿಕ್ಕದು, ಅದರಲ್ಲಿ ಮೂರು ವರ್ಷ ಸಣ್ಣ ಮಾತಲ್ಲ. ನಡುವೆ ಮೊಣಕಾಲು ಕೈಕೊಟ್ಟರೆ? ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಕಣ್ಣೂ ಹಾಗೇ. 19ರ ಹುಡುಗನಲ್ಲಿ ಮುಂದೆ ಏನಾಗಬಹುದು ಅಂತ ಹುಡುಕುತ್ತಾರೆ. 22ರವನಲ್ಲಿ ತಪ್ಪು ಹುಡುಕುತ್ತಾರೆ.

ಅದೃಷ್ಟಕ್ಕೆ, ನೀರಿನ ಆಳ ನೋಡಲು ಒಂದು ದಾರಿ ಇದೆ. ಡ್ರಾಫ್ಟ್‌ಗೆ ಹೆಸರು ಕೊಟ್ಟು, ಗಡುವಿನೊಳಗೆ ವಾಪಸ್ ತೆಗೆದುಕೊಂಡು ಮತ್ತೆ ಕಾಲೇಜಿಗೆ ಆಡಬಹುದು. ಕರೆ ಬಂದರೆ ಮೇ ತಿಂಗಳಲ್ಲಿ ಶಿಕಾಗೋಗೆ ಹೋಗುತ್ತಾರೆ. ಅಲ್ಲಿ ಬರಿಗಾಲಲ್ಲಿ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಎರಡೂ ಕೈ ಚಾಚಿಸಿ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಅಳೆಯುತ್ತಾರೆ. ನಿಂತಲ್ಲಿಂದ ಎಷ್ಟು ನೆಗೆಯುತ್ತಾನೆ ನೋಡುತ್ತಾರೆ. ತಂಡದವರು ಕೂರಿಸಿಕೊಂಡು ಮಾತಾಡಿಸುತ್ತಾರೆ. ತನ್ನ ಬೆಲೆ ಏನು ಅನ್ನುವ ಅಂದಾಜು ಹುಡುಗನಿಗೆ ಸಿಗುವುದು ಆವಾಗ.

ಇದನ್ನು ಚೆನ್ನಾಗಿ ಬಳಸಿಕೊಂಡವನು ಪರ್ಡ್ಯೂ ವಿಶ್ವವಿದ್ಯಾಲಯದ ಜಾಕ್ ಈಡಿ. ಕೆನಡಾದ ಹುಡುಗ, 7 ಅಡಿ 4 ಇಂಚು. 2023ರಲ್ಲಿ ಇಡೀ ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರ. ಆದರೂ ಆ ಮಾರ್ಚ್‌ನ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಅವನ ತಂಡ, ಯಾರ ಲೆಕ್ಕದಲ್ಲೂ ಇಲ್ಲದ ಫೇರ್ಲೀ ಡಿಕಿನ್ಸನ್ ಎದುರು ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬಂತು. ಈಗಿನ ಆಟದ ವೇಗಕ್ಕೆ ಇವನು ಆಗಿಬರಲ್ಲ ಅನ್ನುವವರೇ ಜಾಸ್ತಿ. ಹೆಸರು ಕೊಟ್ಟ, ವಾಪಸ್ ತೆಗೆದುಕೊಂಡ, ಇನ್ನೊಂದು ವರ್ಷ ಆಡಿದ. 2024ರಲ್ಲಿ ಮತ್ತೆ ಅತ್ಯುತ್ತಮ ಆಟಗಾರನಾದ, ತಂಡವನ್ನು ಫೈನಲ್‌ವರೆಗೆ ಎಳೆದ, ಸೋತ ಆ ಫೈನಲ್‌ನಲ್ಲೂ 37 ಅಂಕ ಹೊಡೆದ. ಮೆಂಫಿಸ್ ತಂಡ ಅವನನ್ನು 9ನೆಯವನಾಗಿ ಕರೆಯಿತು.

ಎಲ್ಲರಿಗೂ ಹೀಗೆ ಕೂಡಿಬರುವುದಿಲ್ಲ. ಕೆಂಟಕಿಯ ಆಸ್ಕರ್ ಶೀಬ್ವೆ 2022ರ ಅತ್ಯುತ್ತಮ ಆಟಗಾರ. ಅವನೂ ಇನ್ನೊಂದು ವರ್ಷ ಉಳಿದ. 2023ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಕರೆಯಲೇ ಇಲ್ಲ. ಬೇಗ ಬಿಟ್ಟು ಹೋಗಿ ಕಾದವರೂ ಇದ್ದಾರೆ. ಪಂಜಾಬಿ ಮೂಲದ, ಕೆನಡಾದ ಸಿಮ್ ಭುಲ್ಲರ್ ಎರಡೇ ಸೀಸನ್ ಆಡಿ ಕಾಲೇಜು ಬಿಟ್ಟ. 2014ರಲ್ಲಿ ಯಾರೂ ಕರೆಯಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ತಂಡದಲ್ಲಿ ಮೂರು ಪಂದ್ಯ ಆಡಿದ. ಎನ್‌ಬಿಎಯಲ್ಲಿ ಆಡಿದ ಭಾರತೀಯ ಮೂಲದ ಮೊದಲಿಗ ಅವನೇ.

ಇನ್ನು ನೀವು ಕೇಳಿದ ಡಿಗ್ರಿ. ಕಾಲೇಜಿನಲ್ಲಿ ಆಡುವ ಕಾಲ ಮತ್ತೆ ಬರುವುದಿಲ್ಲ, ಓದು ಮತ್ತೆ ಬರುತ್ತದೆ. ಮೈಕಲ್ ಜೋರ್ಡನ್ ಮೂರು ವರ್ಷಕ್ಕೆ, 1984ರಲ್ಲಿ ಹೊರಟರು. ಆಮೇಲೆ ಬಂದು ಭೂಗೋಳದಲ್ಲಿ ಡಿಗ್ರಿ ಮುಗಿಸಿದರು. 2009ರಲ್ಲಿ ಡೇವಿಡ್ಸನ್ ಕಾಲೇಜು ಬಿಟ್ಟ ಸ್ಟೀಫನ್ ಕರಿ ಡಿಗ್ರಿ ಪಡೆದದ್ದು 2022ರಲ್ಲಿ. ಟೊರೊಂಟೊ ತಂಡದಲ್ಲಿದ್ದ ವಿನ್ಸ್ ಕಾರ್ಟರ್ ಕತೆ ನೋಡಿ. 2001ರ ಮೇ 20ರ ಬೆಳಿಗ್ಗೆ ಅವರು ಓದಿದ ಚಾಪೆಲ್ ಹಿಲ್‌ನಲ್ಲಿ ಪದವಿ ಸಮಾರಂಭ, ಅದೇ ದಿನ ಫಿಲಡೆಲ್ಫಿಯಾದಲ್ಲಿ ಸರಣಿಯ ನಿರ್ಣಾಯಕ ಏಳನೇ ಪಂದ್ಯ. ಗೌನು ಹಾಕಿಕೊಂಡು ಸಮಾರಂಭಕ್ಕೆ ಹೋದರು, ವಿಮಾನ ಹತ್ತಿ ಪಂದ್ಯಕ್ಕೆ ಬಂದರು. ಕೊನೆಯ ಕ್ಷಣದ ಹೊಡೆತ ಅವರ ಕೈಯಲ್ಲೇ ಇತ್ತು. ಬೀಳಲಿಲ್ಲ. ಟೊರೊಂಟೊ ಒಂದು ಅಂಕದಿಂದ ಸೋತಿತು. ಸಮಾರಂಭಕ್ಕೆ ಹೋದದ್ದೇ ತಪ್ಪು ಅಂದವರು ತುಂಬಾ ಜನ. ನನಗಂತೂ ಅವರು ಮಾಡಿದ್ದು ಸರಿ ಅನಿಸುತ್ತದೆ.

ನಾಲ್ಕೂ ವರ್ಷ ಉಳಿದವರು ಇಲ್ಲವೇ? ಟಿಮ್ ಡಂಕನ್ ಇದ್ದಾರೆ. ತೀರಿಹೋದ ಅಮ್ಮನಿಗೆ ಡಿಗ್ರಿ ಮುಗಿಸುತ್ತೇನೆ ಅಂತ ಮಾತು ಕೊಟ್ಟಿದ್ದರು. ಮುಗಿಸಿದರು. 1997ರಲ್ಲಿ ಮೊದಲನೆಯವರಾಗಿ ಆಯ್ಕೆಯಾದರು.

ನನ್ನ ಮಾತು ಕೇಳುವುದಾದರೆ, ಮೊದಲ ಸುತ್ತು ಖಚಿತ ಇರುವವನು ಹೋಗಲಿ. ಖಚಿತ ಇಲ್ಲದವನು ಉಳಿಯಲಿ, ಈಗಂತೂ ಖಂಡಿತ ಉಳಿಯಲಿ. ಯಾಕೆಂದರೆ 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದಿಂದ ದುಡಿಯಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು. ಅವಧಿಗೆ ಮುಂಚೆ ಡ್ರಾಫ್ಟ್‌ಗೆ ಹೆಸರು ಕೊಟ್ಟವರು 2021ರಲ್ಲಿ 353 ಜನ, 2025ರಲ್ಲಿ 106. ಎರಡನೇ ಸುತ್ತಿನ ಆಸೆಗೆ ಹೊರಟು ಜಿ ಲೀಗ್ ಸೇರುತ್ತಿದ್ದ ಎಷ್ಟೋ ಹುಡುಗರಿಗೆ ಈಗ ಅದಕ್ಕಿಂತ ಜಾಸ್ತಿ ಸಂಪಾದನೆ ಕಾಲೇಜಿನಲ್ಲೇ ಇದೆ, ಓದಿನ ಜೊತೆಗೇ.