ಹಳೇ ಸೀರೆ, ಟೀ ಶರ್ಟ್, ಗೋಣಿಚೀಲ: ಮಾಡಿದ್ದು ಮತ್ತೆ ಅಟ್ಟ ಸೇರಬಾರದು ಅಂದ್ರೆ ಏನು ಮಾಡೋದು?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಅಟ್ಟದ ತುಂಬ ಹಳೇ ಸೀರೆ, ಮಕ್ಕಳ ಟೀ ಶರ್ಟ್, ಗೋಣಿಚೀಲ, ಗಾಜಿನ ಬಾಟಲಿ. ಎಸೆಯೋಕೆ ಮನಸ್ಸು ಬರಲ್ಲ. ಮೊಬೈಲಲ್ಲಿ ವಿಡಿಯೋ ನೋಡಿ ಹೂದಾನಿ, ಗೋಡೆಗೆ ತೂಗುಹಾಕೋದು ಅಂತ ಏನೇನೋ ಮಾಡಿದ್ದಾಯ್ತು. ಒಂದು ಮಳೆಗಾಲ ಕಳೆಯೋದರೊಳಗೆ ಬೂಷ್ಟು ಹಿಡಿದು ಅದೂ ಅಟ್ಟಕ್ಕೇ ಹೋಯ್ತು. ಹೊಲಿಗೆ ನನಗೆ ಅಷ್ಟಾಗಿ ಬರಲ್ಲ. ದಿನಾ ಕೈಗೆ ಬರುವಂಥದ್ದು ಏನಾದರೂ ಇದ್ದರೆ ಹೇಳಿ.

ಉತ್ತರ: ಇದೇ ಪ್ರಶ್ನೆ ಸ್ವಲ್ಪ ಹೆಚ್ಚುಕಮ್ಮಿಯಾಗಿ ಸಕಲೇಶಪುರ, ಕೊಪ್ಪ, ಹಾಸನದ ಕಡೆಯಿಂದಲೂ ಬರುತ್ತಿರುತ್ತದೆ. ಎಲ್ಲರ ತೊಂದರೆಯೂ ಒಂದೇ. ಅಟ್ಟದಿಂದ ಹಳೇ ಸಾಮಾನು ಇಳಿಸಿಕೊಂಡು, "ಇದರಿಂದ ಏನು ಮಾಡಬಹುದು?" ಅಂತ ಯೋಚಿಸಲು ಕೂರುತ್ತೇವೆ. ಹಾಗೆ ಕೂತರೆ ಹೂದಾನಿಯೇ ಹೊಳೆಯುವುದು. ಮನೆಯಲ್ಲಿ ಅದಕ್ಕೆ ಜಾಗವೂ ಇರಲ್ಲ, ಕೆಲಸವೂ ಇರಲ್ಲ.

ಅಟ್ಟ ಹತ್ತುವ ಮೊದಲು ಮನೆಯೊಳಗೆ ಒಂದು ಸುತ್ತು ಹಾಕಿ. ದುಡ್ಡು ಕೊಟ್ಟು ಪದೇ ಪದೇ ತರುವ ಸಣ್ಣಪುಟ್ಟ ಸಾಮಾನು ಯಾವುದು ನೋಡಿ. ಬಚ್ಚಲ ಬಾಗಿಲಿಗೆ ಕಾಲೊರೆಸು, ಒಲೆ ಹತ್ತಿರ ಮಸಿಬಟ್ಟೆ, ಸಂತೆಗೆ ಚೀಲ, ಗಿಡ ಕಟ್ಟಲು ದಾರ, ಮಳೆಗಾಲಕ್ಕೆ ಒಂದು ಹೆಚ್ಚಿನ ಹೊದಿಕೆ. ಅಷ್ಟು ತಿಳಿದುಕೊಂಡು ಅಟ್ಟ ಹತ್ತಿ. ಆಗ ಕೈ ತಾನಾಗಿಯೇ ಬೇಕಾದ ಬಟ್ಟೆ ಹುಡುಕುತ್ತದೆ.

ಇನ್ನು ಬೂಷ್ಟಿನ ವಿಷಯ. ಆ ವಿಡಿಯೋಗಳನ್ನು ಮಾಡುವವರಲ್ಲಿ ಹೆಚ್ಚಿನವರು ಒಣ ಊರಿನವರು. ರಟ್ಟು, ಪೇಪರ್, ಬಿಳಿ ಗೋಂದು, ಮಿಂಚಿನ ಪುಡಿ ಅವರಿಗೆ ನಡೆಯುತ್ತದೆ. ಕಡೂರು, ಅರಸೀಕೆರೆಯಲ್ಲೂ ನಡೆದೀತು. ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ರಟ್ಟು ಗಾಳಿಯ ತೇವ ಹೀರಿಕೊಂಡು ಮೆತ್ತಗಾಗುತ್ತದೆ, ಬಿಳಿ ಗೋಂದು ತೇವಕ್ಕೆ ಸಡಿಲ ಬೀಳುತ್ತದೆ. ಹಾಗಾಗಿ ಮಲೆನಾಡಿನ ಮನೆಗೆ ಅಂಟಿಸಿ ಮಾಡುವ ಕೆಲಸ ಬೇಡವೇ ಬೇಡ. ಕಟ್ಟಿ, ಹೆಣೆಯಿರಿ, ಹೊಲಿಯಿರಿ. ಒಗೆದು ಒಣಗಿಸಲು ಬರದ ಯಾವುದನ್ನೂ ಮಾಡಬೇಡಿ.

ಮೊದಲು ಬಟ್ಟೆ ಯಾವುದು ಅಂತ ಗೊತ್ತಾಗಬೇಕು. ಹಳೇ ಬಟ್ಟೆಯ ಚೀಟಿ ಯಾವತ್ತೋ ಕಿತ್ತುಹೋಗಿರುತ್ತದೆ. ಅಂಚಿನಿಂದ ಒಂದೆರಡು ಎಳೆ ನೂಲು ಎಳೆದು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿದರೆ ಹತ್ತಿ. ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಪಾಲಿಸ್ಟರ್ ಅಥವಾ ನೈಲಾನ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಇಲ್ಲವೇ ಉಣ್ಣೆ. ಎರಡೂ ಲಕ್ಷಣ ಬೆರೆತಿದ್ದರೆ ಮಿಶ್ರ ಬಟ್ಟೆ. ಹತ್ತಿ ನೀರು ಹೀರುತ್ತದೆ, ಬಿಸಿ ತಡೆಯುತ್ತದೆ. ಪಾಲಿಸ್ಟರ್ ನೀರು ಹೀರಲ್ಲ, ಬಿಸಿಗೆ ಕರಗುತ್ತದೆ. ಅದನ್ನು ಮಸಿಬಟ್ಟೆ ಮಾಡಿದರೆ ಕೈ ಸುಡುತ್ತದೆ, ಒರೆಸುಬಟ್ಟೆ ಮಾಡಿದರೆ ನೀರು ಅತ್ತಿಂದಿತ್ತ ಓಡಾಡುತ್ತದೆ ಅಷ್ಟೇ.

ನಿಮ್ಮ ಮನೆಗೆ ನಾನು ಮೊದಲು ಹೇಳುವುದು ಟೀ ಶರ್ಟಿನ ಕಾಲೊರೆಸು. ಜಡೆ ಹಾಕಲು ಬಂದರೆ ಸಾಕು, ಇದೂ ಬರುತ್ತದೆ.

ಟೀ ಶರ್ಟ್ ಬಟ್ಟೆ ಮಗ್ಗದಲ್ಲಿ ನೇಯ್ದದ್ದಲ್ಲ, ಹೆಣೆದದ್ದು. ಅದಕ್ಕೇ ಎಳೆದರೆ ಹಿಗ್ಗುತ್ತದೆ, ಕತ್ತರಿಸಿದರೂ ಅಂಚಿನಿಂದ ನೂಲು ಸುರಿಯಲ್ಲ. ತೋಳಿನ ಕೆಳಗೆ ಅಡ್ಡಕ್ಕೆ ಕತ್ತರಿಸಿ ಮೇಲಿನ ಭಾಗ ಪಕ್ಕಕ್ಕಿಡಿ. ಕೆಳಗಿನ ಮಡಿಸಿ ಹೊಲಿದ ಅಂಚನ್ನೂ ತೆಗೆಯಿರಿ. ಉಳಿದದ್ದು ಎರಡೂ ಬದಿ ತೆರೆದ ಬಟ್ಟೆ. ಅದರ ಒಂದು ಅಂಚಿನಿಂದ ಶುರುಮಾಡಿ ಎರಡು ಬೆರಳಷ್ಟು ಅಗಲಕ್ಕೆ ಸುತ್ತಲೂ ಕತ್ತರಿಸುತ್ತಾ ಹೋಗಿ. ಒಂದು ಸುತ್ತು ಮುಗಿದಾಗ ನಿಲ್ಲಿಸದೆ ಸ್ವಲ್ಪ ಓರೆಯಾಗಿ ಮುಂದಿನ ಸುತ್ತಿಗೆ ಇಳಿದರೆ ಎಲ್ಲೂ ತುಂಡಾಗದೆ ಒಂದೇ ಪಟ್ಟಿ ಬರುತ್ತದೆ. ದೊಡ್ಡವರ ಟೀ ಶರ್ಟಿನಲ್ಲಿ ಹತ್ತು ಮೀಟರಿನ ಆಸುಪಾಸು ಸಿಗುತ್ತದೆ. ಈಗ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಅಂಚುಗಳು ಒಳಕ್ಕೆ ಸುರುಳಿ ಸುತ್ತಿಕೊಂಡು ದುಂಡನೆ ಹುರಿಯಾಗುತ್ತದೆ.

ಅಂಥ ಮೂರು ಪಟ್ಟಿ ಸೇರಿಸಿ ಜಡೆ ಹೆಣೆಯಿರಿ. ಪಟ್ಟಿ ಮುಗಿದಾಗ ಗಂಟು ಹಾಕಬೇಡಿ, ಕಾಲಿಗೆ ಒತ್ತುತ್ತದೆ. ಹಳೇ ಪಟ್ಟಿ, ಹೊಸ ಪಟ್ಟಿ ಎರಡರ ತುದಿಯಲ್ಲೂ ಒಂದೊಂದು ಸಣ್ಣ ಸೀಳು ಮಾಡಿ. ಹೊಸದರ ಸೀಳಿನೊಳಗೆ ಹಳೆಯದರ ತುದಿ ತೂರಿಸಿ. ಆಮೇಲೆ ಹೊಸ ಪಟ್ಟಿಯ ಇನ್ನೊಂದು ತುದಿಯನ್ನು ಹಳೆಯದರ ಸೀಳಿನೊಳಗಿಂದ ಪೂರ್ತಿ ಎಳೆದುಬಿಡಿ. ಗಂಟಿಲ್ಲದೆ ಬಿಗಿಯಾಗಿ ಕೂರುತ್ತದೆ.

ಜಡೆ ಉದ್ದವಾದ ಮೇಲೆ ಸುರುಳಿ ಸುತ್ತಿ, ಪಕ್ಕದ ಸುತ್ತಿಗೆ ಸೇರಿಸಿ ದಪ್ಪ ಸೂಜಿಯಲ್ಲಿ ಹೊಲಿಯುತ್ತಾ ಹೋಗುವುದು. ಇಲ್ಲಿ ಬಹಳ ಜನ ಎಡವುತ್ತಾರೆ. ತೊಡೆ ಮೇಲಿಟ್ಟುಕೊಂಡು ಹೊಲಿದರೆ, ಗೊತ್ತಿಲ್ಲದೆಯೇ ಜಡೆಯನ್ನು ಬಿಗಿ ಎಳೆಯುತ್ತೇವೆ. ಅಂಚು ಮೇಲೆದ್ದು ಚಾಪೆ ಬಟ್ಟಲಾಗುತ್ತದೆ. ಮೇಜಿನ ಮೇಲೆ ಇಲ್ಲವೇ ನೆಲದ ಮೇಲೆ ಚಪ್ಪಟೆಯಾಗಿ ಹರಡಿ, ಪ್ರತಿ ಸುತ್ತಿನಲ್ಲೂ ಜಡೆಯನ್ನು ಸ್ವಲ್ಪ ಸಡಿಲ ಬಿಟ್ಟೇ ಹೊಲಿಯಿರಿ. (ಬುಟ್ಟಿಯೇ ಬೇಕು ಅಂದ್ರೆ ಬಿಗಿ ಎಳೆಯಿರಿ, ಚೆನ್ನಾಗಿಯೇ ಬರುತ್ತದೆ.) ದಾರ ನೈಲಾನಿನದಾಗಲಿ. ಹತ್ತಿ ದಾರ ಸದಾ ನೆನೆದು ಲಡ್ಡಾಗುತ್ತದೆ.

ಒಂದೇ ದೊಡ್ಡದು ಮಾಡುವ ಬದಲು ಚಿಕ್ಕ ಎರಡು ಮಾಡಿ. ನಿಮ್ಮ ಕಡೆ ಮಳೆಗಾಲದಲ್ಲಿ ದಪ್ಪ ಜಡೆ ಒಂದು ದಿನಕ್ಕೆ ಒಣಗಲ್ಲ. ಒಂದು ಬಚ್ಚಲ ಬಾಗಿಲಲ್ಲಿದ್ದಾಗ ಇನ್ನೊಂದು ಹಂಡೆ ಒಲೆ ಹತ್ತಿರ ಒಣಗುತ್ತಿರಲಿ. ಒಲೆಗೆ ತೀರಾ ಅಂಟಿಸಿ ಇಡಬೇಡಿ ಮತ್ತೆ.

ಟೀ ಶರ್ಟಿನ ಪಟ್ಟಿ ಉಳಿದರೆ ಕೈತೋಟಕ್ಕೆ ಕೊಡಿ. ಟೊಮೇಟೊ ಗಿಡ, ಎಳೇ ಮೆಣಸಿನ ಬಳ್ಳಿ ಕಟ್ಟಲು ಪ್ಲಾಸ್ಟಿಕ್ ದಾರಕ್ಕಿಂತ ಇದು ಎಷ್ಟೋ ವಾಸಿ. ಕಾಂಡ ದಪ್ಪವಾದಂತೆ ಇದೂ ಹಿಗ್ಗುತ್ತದೆ, ಕೊಯ್ಯಲ್ಲ.

ಸೀರೆಗೆ ಬರೋಣ. ಹತ್ತಿ ಸೀರೆಯಾದರೆ ನನ್ನ ಮತ ಕೌದಿಗೆ. ಕೌದಿ ಅಂದಕೂಡಲೇ ಉತ್ತರ ಕರ್ನಾಟಕದ ಬಣ್ಣ ಬಣ್ಣದ ತೇಪೆ ಕೆಲಸವೋ, ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯೋ ಕಣ್ಣಮುಂದೆ ಬರುತ್ತದೆ. ಅಷ್ಟು ಕಸೂತಿಯ ಕೈ ನಮಗೆಲ್ಲರಿಗೂ ಬರಲ್ಲ ಬಿಡಿ. ಸುಲಭದ್ದು ಹೀಗಿದೆ. ಐದೂವರೆ ಮೀಟರ್ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ. ಸುಮಾರು 1.8 ಮೀಟರ್ ಉದ್ದ, ಸೀರೆಯ ಪನ್ನದಷ್ಟೇ ಅಗಲ, ಮೂರು ಪದರ. ಕತ್ತರಿಯೇ ಬೇಡ. ಒಬ್ಬರಿಗೆ ಹೊದೆಯಲು ಸರಿಹೋಗುತ್ತದೆ. ಒಳಗೆ ಸುಕ್ಕಿರದಂತೆ ನೆಲದ ಮೇಲೆ ಹರಡಿ, ಗೇಣಿಗೊಂದರಂತೆ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿಕೊಳ್ಳಿ. ಆಮೇಲೆ ಎರಡು ಬೆರಳಿಗೊಂದು ಸಾಲಿನಂತೆ ಸುಮ್ನೆ ರನ್ನಿಂಗ್ ಸ್ಟಿಚ್ (ಸೂಜಿಯನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಹಾಕುತ್ತಾ ನೇರ ಸಾಗುವ ಹೊಲಿಗೆ) ಹಾಕುತ್ತಾ ಹೋಗುವುದು. ಹೊಲಿಗೆ ಸೊಟ್ಟಗಾದರೂ ಪರವಾಗಿಲ್ಲ, ಸಾಲುಗಳು ಹತ್ತಿರ ಇದ್ದರೆ ಸಾಕು. ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ.

ಸೀರೆ ಎಷ್ಟು ಹಳೆಯದೋ ಅಷ್ಟು ಒಳ್ಳೆಯದು. ಒಗೆದು ಒಗೆದು ಮೆತ್ತಗಾದ ಬಟ್ಟೆಯಲ್ಲಿ ಸೂಜಿ ಬೆಣ್ಣೆಯೊಳಗೆ ಹೋದ ಹಾಗೆ ಹೋಗುತ್ತದೆ. ಹೊಸ ಗಂಜಿ ಸೀರೆಯಲ್ಲಿ ಬೆರಳು ನೋಯುತ್ತದೆ. ಹರಿದ ಜಾಗವಿದ್ದರೆ ಅದು ಒಳಪದರಕ್ಕೆ ಬರುವ ಹಾಗೆ ಮಡಿಸಿ. ಪದರ ಮಾತ್ರ ಮೂರು, ಹೆಚ್ಚೆಂದರೆ ನಾಲ್ಕು. ಬಯಲುಸೀಮೆಯವರು ಏಳೆಂಟು ಪದರ ಹಾಕುವುದನ್ನು ನೋಡಿ ನೀವೂ ಹಾಕಿದರೆ ಜುಲೈನಲ್ಲಿ ಒಗೆದದ್ದು ಆಗಸ್ಟಿಗೂ ಒಣಗಲಿಕ್ಕಿಲ್ಲ.

ಪಾಲಿಸ್ಟರ್, ನೈಲಾನ್ ಸೀರೆಗಳ ದಾರಿ ಬೇರೆ. ಹಾಸನದಿಂದ ಯಾವ ರಸ್ತೆ ಹಿಡಿದರೂ ಹೊಲದ ಸುತ್ತ ಸೀರೆ ಕಟ್ಟಿರುವುದು ಕಾಣುತ್ತದೆ, ಅಲ್ವಾ? ಹಂದಿ, ದನ ಬರದಿರಲಿ ಅಂತ. ಅವು ಬೇಗ ಕೊಳೆಯಲ್ಲ, ಮಳೆಗೆ ನೆನೆದರೂ ಬೇಗ ಒಣಗುತ್ತವೆ, ಅದಕ್ಕೇ ಆ ಕೆಲಸಕ್ಕೆ ಆಗಿಬರುತ್ತವೆ. ತರಕಾರಿ ಮಡಿಗೂ ಹಾಗೇ ಕಟ್ಟಬಹುದು. ಆದರೆ ಬಿಸಿಲಿಗೆ ಪುಡಿಯಾಗುವ ಮೊದಲೇ ಬಿಚ್ಚಿ ತೆಗೆಯಿರಿ. ಇಲ್ಲದಿದ್ದರೆ ಎಳೆ ಎಳೆಯಾಗಿ ಮಣ್ಣು ಸೇರುತ್ತವೆ, ಮಣ್ಣಿನಲ್ಲಿ ಅವು ಕರಗಲ್ಲ.

ಸಂತೆ ಚೀಲವಂತೂ ಈಗ ಬೇಕೇ ಬೇಕು. ಪ್ಲಾಸ್ಟಿಕ್ ಕೈಚೀಲವನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನಿಗೆ ದೇಶದಲ್ಲೆಲ್ಲ ನಿಷೇಧ ಬಂತು. ಹೊಲಿಗೆ ಬರಲ್ಲ ಅಂದಿರಿ. ಟೀ ಶರ್ಟಿನ ತೋಳು ಕತ್ತರಿಸಿ, ಕುತ್ತಿಗೆಯನ್ನು ಸ್ವಲ್ಪ ಅಗಲ ಮಾಡಿ. ಭುಜದ ಭಾಗವೇ ಹಿಡಿಕೆ. ಕೆಳಗಿನ ಅಂಚನ್ನು ಮುಂದೂ ಹಿಂದೂ ಒಟ್ಟಿಗೆ ಹಿಡಿದು, ನಾಲ್ಕು ಬೆರಳು ಉದ್ದದ ಎಳೆಗಳಾಗಿ ಸೀಳಿ, ಮುಂದಿನದನ್ನು ಹಿಂದಿನದಕ್ಕೆ ಗಂಟು ಹಾಕುತ್ತಾ ಹೋಗಿ. ಗಂಟುಗಳ ನಡುವಿನ ಸಂದಿ ಮುಚ್ಚಬೇಕೆಂದರೆ ಪ್ರತಿ ಗಂಟಿನ ಒಂದು ಎಳೆಯನ್ನು ಪಕ್ಕದ ಗಂಟಿನ ಎಳೆಗೆ ಮತ್ತೊಮ್ಮೆ ಕಟ್ಟಿ. ಸೊಪ್ಪು ತರಕಾರಿಗೆ ಚೆನ್ನಾಗಿದೆ. ತೆಂಗಿನಕಾಯಿ ತುಂಬಿದರೆ ಜೋತುಬೀಳುತ್ತದೆ, ಅದಕ್ಕೆ ಹಳೇ ಪ್ಯಾಂಟಿನ ಕಾಲೇ ಸರಿ. ತಳ ಎರಡು ಸಲ ಹೊಲಿದು ಒಂದು ಹಿಡಿಕೆ ಹಾಕಿದರೆ ಮುಗೀತು.

ಗೋಣಿಚೀಲದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಕಾಫಿ ದರವನ್ನು ಈಗಲೂ 50 ಕೆ.ಜಿ. ಚೀಲದ ಲೆಕ್ಕದಲ್ಲೇ ಹೇಳುವ ಊರು ನಮ್ಮದು. ಮನೆ ಮನೆಯಲ್ಲೂ ಗೋಣಿ ಇದೆ. ಹಿಂದೆ ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಳೆಯಲ್ಲೇ ಗದ್ದೆ ಕೆಲಸ ಮಾಡುತ್ತಿದ್ದರು. ಅದು ಆಯಾ ಹೊತ್ತಿನ ಕೆಲಸ, ಸಂಜೆ ಒಲೆ ಮುಂದೆ ಒಣಗುತ್ತಿತ್ತು. ಈಗಿನ ವಿಡಿಯೋಗಳಲ್ಲಿ ಅದನ್ನೇ ಬಾಗಿಲ ಕಾಲೊರೆಸು, ಮೇಜಿನ ಹಾಸು, ಕುಂಡದ ಹೊದಿಕೆ ಮಾಡುತ್ತಾರೆ. ಸೆಣಬು ನೆನೆದರೆ ಬಲ ಕಳೆದುಕೊಳ್ಳುತ್ತದೆ, ತೇವ ಹಿಡಿದುಕೊಂಡು ವಾಸನೆ ಬರುತ್ತದೆ. ನಿಮ್ಮ ಮನೆಯಲ್ಲಿ ಅದು ಒಂದು ಮಳೆಗಾಲ ಬಾಳಲ್ಲ. ಒಣ ಜಾಗದಲ್ಲಿ ಆಲೂಗೆಡ್ಡೆ ಇಡಲು ಬಳಸಿ. ಬೆಳಕು ಬಿದ್ದರೆ ಆಲೂಗೆಡ್ಡೆ ಹಸಿರಾಗುತ್ತದೆ. ಗೋಣಿ ಬೆಳಕು ತಡೆದು ಗಾಳಿ ಬಿಡುತ್ತದೆ. ಹಾಸನದ ಕಡೆ ಆಲೂ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೊಬ್ಬರವೋ ಔಷಧವೋ ತುಂಬಿದ್ದ ಚೀಲ ಮಾತ್ರ ಅಡುಗೆಮನೆ ಹತ್ತಿರವೂ ಬರಬಾರದು.

ಬಾಟಲಿಗಳಲ್ಲಿ ಕಷ್ಟ ಕೊಡುವುದು ಎರಡೇ, ಅಂಟು ಮತ್ತು ವಾಸನೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿದರೆ ಚೀಟಿ ಬಿಡುತ್ತದೆ. ಉಳಿದ ಜಿಗುಟಿಗೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಉಪ್ಪಿನಕಾಯಿ ವಾಸನೆ ಗಾಜಿನಲ್ಲಿ ನಿಲ್ಲಲ್ಲ, ಮುಚ್ಚಳದ ಒಳಗಿನ ಮೆತ್ತನೆ ಪದರದಲ್ಲಿ ನಿಲ್ಲುತ್ತದೆ. ಡಿಕಾಕ್ಷನ್ ತೆಗೆದು ಉಳಿದ ಕಾಫಿಪುಡಿಯನ್ನು ಗರಿಗರಿಯಾಗಿ ಒಣಗಿಸಿ, ಬಾಟಲಿಗೆ ಹಾಕಿ ಎರಡು ದಿನ ಮುಚ್ಚಿಡಿ. ವಾಸನೆ ತಗ್ಗುತ್ತದೆ. ತಗಡಿನ ಮುಚ್ಚಳವಿರುವ ಬಾಟಲಿಗೆ ಉಪ್ಪು, ಹುಣಸೆಹಣ್ಣು ಹಾಕಬೇಡಿ, ತುಕ್ಕು ಹಿಡಿಯುತ್ತದೆ. ಬೇಳೆ, ಸಾಂಬಾರ ಪುಡಿಗೆ ಇಟ್ಟುಕೊಳ್ಳಿ. ದಾರ ಸುತ್ತಿ ಬೆಂಕಿ ಹಚ್ಚಿ ಬಾಟಲಿ ಕತ್ತರಿಸುವ ವಿಡಿಯೋ ನೋಡಿದ್ದರೆ ಮರೆತುಬಿಡಿ. ಗಾಜು ಎಲ್ಲಿ ಬಿರಿಯುತ್ತದೆ ಅಂತ ಹೇಳಲು ಬರಲ್ಲ.

ತೋಟದ ಮನೆ ಅಂದಿರಿ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಕೀಟನಾಶಕದ ಕ್ಯಾನು ಎಷ್ಟು ತೊಳೆದರೂ ನೀರಿಗೆ, ಹಾಲಿಗೆ, ದನದ ತೊಟ್ಟಿಗೆ ಬಳಸಬಾರದು. ತೂತು ಹೊಡೆದು ಕೆಡಿಸಿಬಿಡಿ, ಯಾರೂ ಎತ್ತಿಕೊಂಡು ಹೋಗದ ಹಾಗೆ. ಸುರುಳಿ ಆಕಾರದ ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ, ಅವನ್ನು ಒಡೆದು ಹೂದಾನಿ ಮಾಡಲು ಹೋಗಬೇಡಿ. ಟಯರಿನ ಕುಂಡ, ತೆಂಗಿನ ಚಿಪ್ಪಿನ ಕುಂಡ ಚೆಂದವೇ. ಚಿಪ್ಪಿನ ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಮೊಳೆಯಿಂದ ಚುಚ್ಚಿದರೆ ನೀರು ಹೋಗಲು ತೂತು ಸಿದ್ಧ. ಆದರೆ ತೂತಿಲ್ಲದ ಟಯರು, ಚಿಪ್ಪು, ಡಬ್ಬ ಮಳೆಯಲ್ಲಿ ಹೊರಗೆ ಬಿದ್ದಿದ್ದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ. ವಾರ, ಹತ್ತು ದಿನದಲ್ಲಿ ಮೊಟ್ಟೆ ಹಾರುವ ಸೊಳ್ಳೆಯಾಗುತ್ತದೆ. ನೀರು ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಿ. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ಇಷ್ಟಾದ ಮೇಲೂ ಉಳಿದದ್ದನ್ನು ಇಟ್ಟುಕೊಳ್ಳಬೇಡಿ. ಬಾಟಲಿ, ತಗಡು ಗುಜರಿಗೆ ಕೊಡಿ. ಬಟ್ಟೆ ಗಟ್ಟಿಯಾಗಿದ್ದರೆ ಹಳೇ ಬಟ್ಟೆಗೆ ಪಾತ್ರೆ ಕೊಡುವವರು ಬಂದಾಗ ಹಾಕಿ. ಕೌದಿಗೆ, ಕಾಲೊರೆಸಿಗೆ ಅಂತ ಆರಿಸಿದ್ದನ್ನು ಕಾಫಿ ಕೊಯ್ಲು ಮುಗಿದು ಬಿಸಿಲು ಚುರುಕಾಗಿರುವಾಗಲೇ ಒಗೆದು ಒಣಗಿಸಿ. ಪಟ್ಟಿ ಕತ್ತರಿಸಿ ಉಂಡೆ ಸುತ್ತಿ ಹತ್ತಿ ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಹೊಲಿಯುವ ಮೊದಲೇ ಬೂಷ್ಟು ಬಂದಿರುತ್ತದೆ.