ಬರ್: ಐರ್ಲೆಂಡಿನ ಪುಟ್ಟ ಊರು, ದೈತ್ಯ ದೂರದರ್ಶಕ

ಐರ್ಲೆಂಡಿನ ನಡುಭಾಗದ ಆಫಲಿ ಕೌಂಟಿಯಲ್ಲಿ ಬರ್ ಎಂಬ ಚಿಕ್ಕ ಊರಿದೆ. ಹಳೆಯ ಹೆಸರು ಪಾರ್ಸನ್ಸ್‌ಟೌನ್. ಹಳೆಯ ಖಗೋಳ ಬರಹಗಳಲ್ಲಿ ಆ ಹೆಸರೇ ಸಿಗುತ್ತದೆ, ಬೇರೆ ಊರೆಂದು ತಿಳಿಯಬೇಡಿ. ಕೋಟೆಯ ತೋಟದಲ್ಲಿರುವ ದೂರದರ್ಶಕವೇ ಇಲ್ಲಿನ ಮುಖ್ಯ ಆಕರ್ಷಣೆ. ಇಲ್ಲಿನ ಕುಲೀನ, 3ನೇ ರಾಸ್ ಅರ್ಲ್ ಎಂಬ ಬಿರುದಿನ ವಿಲಿಯಂ ಪಾರ್ಸನ್ಸ್ ಕಟ್ಟಿಸಿದ ಇದು 1845ರಲ್ಲಿ ಬಳಕೆಗೆ ಬಂತು. ಕನ್ನಡಿಯ ಅಗಲ 72 ಇಂಚು, ತೂಕ ಸುಮಾರು 3 ಟನ್. 1917ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ 100 ಇಂಚಿನದು ಬರುವ ತನಕ ಗಾತ್ರದಲ್ಲಿ ಇದನ್ನು ಮೀರಿಸಿದ್ದಿರಲಿಲ್ಲ.

ಕನ್ನಡಿ ಎಂದರೆ ಇಲ್ಲಿ ಗಾಜಲ್ಲ. ಸುಮಾರು 2 ಪಾಲು ತಾಮ್ರಕ್ಕೆ 1 ಪಾಲು ತವರ ಬೆರೆಸಿ ಎರಕ ಹೊಯ್ದ ಲೋಹ. ಉರುವಲು ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್. ಈ ಲೋಹ ಬೆಳ್ಳಗೆ ಹೊಳೆಯುತ್ತದೆ, ಆದರೆ ಬಲು ಪೆಡಸು: ಹೊರಮೈ ಬೇಗ ಆರಿ ಒಳಗೆ ಬಿಸಿ ಉಳಿದರೆ ಬಿರುಕು ಬಿಡುತ್ತದೆ. ಅದಕ್ಕೇ ಒಲೆಯೊಳಗೇ ವಾರಗಟ್ಟಲೆ ಆರಲು ಬಿಟ್ಟರು. ಗೆದ್ದ ಮೇಲೂ ಕಾಟ ತಪ್ಪಲಿಲ್ಲ. ಅಲ್ಲಿನ ತೇವದ ಗಾಳಿಗೆ ಹೊಳಪು ಮಾಸುತ್ತಿತ್ತು. ಹಾಗಾಗಿ ಎರಡು ಕನ್ನಡಿ ಇಟ್ಟುಕೊಂಡು, ಒಂದು ಬಳಕೆಯಲ್ಲಿರುವಾಗ ಇನ್ನೊಂದಕ್ಕೆ ಮೆರುಗು ಕೊಡುತ್ತಿದ್ದರು.

ದೂರದರ್ಶಕದ ಕೊಳವೆಯ ಎರಡೂ ಬದಿಗೆ ಎತ್ತರದ ಕಲ್ಲುಗೋಡೆಗಳಿವೆ. ಅಲಂಕಾರಕ್ಕಲ್ಲ. ಅಷ್ಟು ಭಾರವನ್ನು ಎಲ್ಲ ದಿಕ್ಕಿಗೂ ತಿರುಗಿಸುವ ಆಸರೆ ಆಗ ಇರಲಿಲ್ಲ. ಗೋಡೆಗಳು ಉತ್ತರ-ದಕ್ಷಿಣವಾಗಿ ನಿಂತಿರುವುದರಿಂದ ಕೊಳವೆ ಮೇಲೆ-ಕೆಳಗೆ ಧಾರಾಳವಾಗಿ, ಪೂರ್ವ-ಪಶ್ಚಿಮಕ್ಕೆ ಸ್ವಲ್ಪವಷ್ಟೇ ಸರಿಯುತ್ತದೆ. ಒಂದು ಆಕಾಶಕಾಯವನ್ನು ಹೆಚ್ಚೆಂದರೆ ಒಂದು ತಾಸಿನಷ್ಟು ನೋಡಬಹುದಿತ್ತು, ಅದೂ ಮೋಡ ಬಿಟ್ಟುಕೊಟ್ಟರೆ! ಇಷ್ಟರಲ್ಲೇ 1845ರಲ್ಲಿ ಎಂ51 ಎಂಬ ಮಸುಕಾದ ಆಕಾಶಕಾಯದ ಸುರುಳಿ ಆಕಾರ ಕಂಡಿತು, ಪಾರ್ಸನ್ಸ್ ಕೈಯಾರೆ ಚಿತ್ರ ಬರೆದಿಟ್ಟರು. ಆಗಲೇ ಅದು ನಮ್ಮದಲ್ಲದ ಬೇರೆ ಗೆಲಾಕ್ಸಿ (ನಕ್ಷತ್ರಗಳ ಮಹಾಗುಂಪು) ಎಂದು ತಿಳಿಯಿತು ಅನ್ನುವುದು ತಪ್ಪು. ಆ ಮಾತು ಇತ್ಯರ್ಥವಾದದ್ದು 1920ರ ದಶಕದಲ್ಲಿ.

ಈಗ ಕಾಣುವುದು 1990ರ ದಶಕದಲ್ಲಿ ದುರಸ್ತಿಯಾದ ರೂಪ, ಒಳಗಿರುವುದು ಅಲ್ಯೂಮಿನಿಯಂ ಕನ್ನಡಿ. ಮೂಲ ಕನ್ನಡಿ ನೋಡಬೇಕಿದ್ದರೆ ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಹೋಗಬೇಕು. ಅದೇ ತೋಟದಲ್ಲಿ 2017ರಿಂದ, ಯುರೋಪಿನ ಹಲವೆಡೆ ಆಂಟೆನಾಗಳಿರುವ ಲೋಫಾರ್ ರೇಡಿಯೊ ದೂರದರ್ಶಕದ ಒಂದು ನಿಲ್ದಾಣವೂ ಇದೆ. 300 ವರ್ಷ ದಾಟಿದ ಎತ್ತರದ, ಬಾಕ್ಸ್ ಎಂಬ ಗಿಡದ ಬೇಲಿಯನ್ನೂ ನೋಡಿಬನ್ನಿ.

ಕೋಟೆಯಲ್ಲಿ ಪಾರ್ಸನ್ಸ್ ಮನೆತನ ಇನ್ನೂ ವಾಸವಾಗಿದೆ, ಸಾಮಾನ್ಯ ಟಿಕೆಟ್ ತೋಟಕ್ಕೆ ಮಾತ್ರ. ಊರಿಗೆ ರೈಲಿಲ್ಲ, ಬಸ್ ಇಲ್ಲವೇ ಕಾರು. ಭಾರತದಿಂದ ಹೋಗುವವರು ಗಮನಿಸಿ: ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ಒಕ್ಕೂಟದಲ್ಲಿ ಐರ್ಲೆಂಡ್ ಇಲ್ಲ, ಆ ವೀಸಾ ಇಲ್ಲಿ ನಡೆಯುವುದಿಲ್ಲ.