ಖಾಲಿಯಾದ ಮನೆಗೆ ಕಳ್ಳ ಬಾಡಿಗೆಗೆ ಬಂದರೆ

"ನಾನೇನೂ ಡೌನ್‌ಲೋಡ್ ಮಾಡಿಲ್ಲ, ಸುಮ್ನೆ ಪೇಜ್ ತೆರೆದು ನೋಡಿದೆ ಅಷ್ಟೇ, ವೈರಸ್ ಹೇಗೆ ಬರುತ್ತೆ?" ಈ ಮಾತು ಕೇಳಿದಾಗಲೆಲ್ಲ ನನಗೆ ತಳಮಳ ಆಗುತ್ತದೆ. ನೋಡಿದರೂ ಸಾಕು, ಬರುತ್ತದೆ. 2024ರ ಅಕ್ಟೋಬರ್ 8ರಂದು ಸ್ಲೊವಾಕಿಯಾದ ಸೈಬರ್ ಭದ್ರತಾ ಕಂಪನಿ ಇಸೆಟ್‌ನವರು ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಪತ್ತೆ ಮಾಡಿದ ದೋಷ ಅಂಥದ್ದೇ. ರಾಮ್‌ಕಾಮ್ ಎಂಬ ಹ್ಯಾಕರ್ ಗುಂಪು ಇದನ್ನು ಬಳಸುತ್ತಿತ್ತು. ಅವರ ನಕಲಿ ತಾಣ ತೆರೆದರೆ ಮುಗಿಯಿತು, ಒಂದು ಬಟನ್ ಕೂಡ ಒತ್ತಬೇಕಿರಲಿಲ್ಲ.

ದೋಷ ಇದ್ದದ್ದು ಪುಟದ ಅನಿಮೇಶನ್‌ಗಳ ಲೆಕ್ಕ ಇಡುವ ಭಾಗದಲ್ಲಿ. ಇದರ ಜಾತಿಗೆ ಯೂಸ್ ಆಫ್ಟರ್ ಫ್ರೀ ಎಂದು ಹೆಸರು, ಅಂದರೆ ಬಿಟ್ಟುಕೊಟ್ಟ ಮೆಮೊರಿ ಜಾಗವನ್ನು ಆಮೇಲೂ ಬಳಸುವುದು.

12ನೇ ನಂಬರ್ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು ಅನ್ನಿ. "ಆ ಮನೆಯವರು ಹೇಳಿದ್ದನ್ನು ತಂದುಕೊಡು" ಎಂದು ಅಂಗಡಿ ಯಜಮಾನರು ಹುಡುಗನಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಅಜ್ಜಿ ಮನೆ ಖಾಲಿ ಮಾಡಿದರು, ಚೀಟಿ ಮಾತ್ರ ಹುಡುಗನ ಜೇಬಿನಲ್ಲೇ ಉಳಿಯಿತು. ಇದಕ್ಕೇ ಕಾಯುತ್ತಿದ್ದ ಕಳ್ಳ ಅದೇ ಮನೆಗೆ ಬಾಡಿಗೆಗೆ ಬಂದ. ಹುಡುಗ ಬಾಗಿಲು ತಟ್ಟಿದ. "ಗಲ್ಲಾಪೆಟ್ಟಿಗೆಯ ಬೀಗದಕೈ ತಾ" ಎಂದ ಕಳ್ಳ. ಹುಡುಗ ತಂದುಕೊಟ್ಟ!

ಮನೆ ಅಂದರೆ ಮೆಮೊರಿಯ ಜಾಗ, ಚೀಟಿ ಅಂದರೆ ಆ ಜಾಗದ ವಿಳಾಸ ಹೇಳುವ ಪಾಯಿಂಟರ್, ಹುಡುಗ ಅಂದರೆ ಬ್ರೌಸರ್. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಕೂಡ ಹೀಗೇ ಅಲ್ವಾ? ಟೋಕನ್ ನೋಡುವವರು ನಂಬರ್ ನೋಡುತ್ತಾರೆ, ಆ ಗೂಡಿನಲ್ಲಿ ಈಗ ಇರುವ ಚಪ್ಪಲಿ ಯಾರದು ಎಂದು ಕೇಳುವುದಿಲ್ಲ.

ಕಳ್ಳನಿಗೆ ಸರಿಯಾಗಿ ಅದೇ ಮನೆ ಸಿಗುವುದು ಹೇಗೆ? ಇಲ್ಲಿದೆ ಸ್ವಾರಸ್ಯ. ಆಗಷ್ಟೇ ಖಾಲಿಯಾದ ಜಾಗವನ್ನು ಅದೇ ಅಳತೆ ಕೇಳಿದವರಿಗೆ ಕೊಡುವುದು ಮೆಮೊರಿ ಹಂಚುವವನ ರೂಢಿ, ಹಾಗೆ ಮಾಡಿದರೆ ವೇಗ ಜಾಸ್ತಿ. ದಾಳಿ ಪುಟದೊಳಗೆ ಓಡುವ ಕೋಡ್, ಅಂದರೆ ಜಾವಾಸ್ಕ್ರಿಪ್ಟ್, ಅದೇ ಅಳತೆಯ ಸಾವಿರಾರು ಜಾಗ ಕೇಳುತ್ತದೆ, ಬೀದಿಯ ಖಾಲಿ ಮನೆಗಳನ್ನೆಲ್ಲ ಒಬ್ಬನೇ ಹಿಡಿದಂತೆ.

ಬ್ರೌಸರ್‌ಗಳ ಬಹುಪಾಲು ಬರೆದಿರುವುದು ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅದರ ಬೇರು 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಸಿ ಭಾಷೆ. ಮೆಮೊರಿಯ ಹೊಣೆಯನ್ನು ಬರೆಯುವವರ ಮೇಲೇ ಬಿಡುವ ಭಾಷೆ ಅದು. ಇದು ಸಣ್ಣ ಸಂಗತಿಯಲ್ಲ. ಕ್ರೋಮ್‌ನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಯವು, ಅವುಗಳಲ್ಲಿ ಅರ್ಧ ಈ ಹಳೇ ಚೀಟಿಯವು ಎಂದು 2020ರಲ್ಲಿ ಕ್ರೋಮ್‌ಗೆ ಆಧಾರವಾದ ಕ್ರೋಮಿಯಂನ ತಂಡವೇ ಹೇಳಿತ್ತು. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಆಸರೆಯಲ್ಲೇ ಬೆಳೆದ ರಸ್ಟ್ ಭಾಷೆ ಹಳೇ ಚೀಟಿ ಉಳಿಯಲು ಬಿಡುವುದಿಲ್ಲ, ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಮೊದಲೇ ತಡೆಯುತ್ತದೆ. 2017ರಲ್ಲಿ ಫೈರ್‌ಫಾಕ್ಸ್‌ನಲ್ಲಿ ಪುಟದ ಬಣ್ಣ, ವಿನ್ಯಾಸ ನೋಡಿಕೊಳ್ಳುವ ಸಿಎಸ್‌ಎಸ್ ಭಾಗ ರಸ್ಟ್‌ಗೆ ಬಂತು. ಆದರೆ ಕೋಟ್ಯಂತರ ಸಾಲುಗಳನ್ನು ಒಂದೇ ಸಲಕ್ಕೆ ಬದಲಿಸಲು ಆಗುತ್ತದೆಯೇ?

ಮೊಜಿಲ್ಲಾದವರು ಸುದ್ದಿ ಮುಟ್ಟಿದ 25 ಗಂಟೆಯಲ್ಲಿ ದೋಷ ಸರಿಪಡಿಸಿ, ಅಕ್ಟೋಬರ್ 9ಕ್ಕೇ ಫೈರ್‌ಫಾಕ್ಸ್ 131.0.2 ಬಿಟ್ಟರು. ಎಂಥ ವೇಗ! ಆದರೂ ಆ ದಾಳಿ ಪುಟಗಳಿಗೆ ಯುರೋಪ್ ಮತ್ತು ಉತ್ತರ ಅಮೆರಿಕದಿಂದ ಜನ ಬಂದು ಹೋಗುತ್ತಿದ್ದದ್ದನ್ನು ಇಸೆಟ್ ನವೆಂಬರ್ 4ರವರೆಗೂ ಕಂಡಿತು.